ಹಿಂಬದಿಯ ಪೆನ್ಸಿಲ್ ಬರಹ

ಪ್ರೊಫೆಸರ್ ತೀರಿಕೊಂಡ ವಾರ ವಿಶ್ವವಿದ್ಯಾಲಯದಿಂದ ಪರಿಚಯದವರಿಗೆಲ್ಲ ಒಂದು ಇಮೇಲು ಬಂತು. ಅವರು ಹುಟ್ಟಿದ ಊರು ಸರಿಯಾಗಿತ್ತು, ವಯಸ್ಸು ಸರಿಯಾಗಿತ್ತು, ಫೋಟೋ ಮಾತ್ರ ಇಪ್ಪತ್ತು ವರ್ಷ ಹಳೆಯದು. ಕೊನೆಯಲ್ಲಿ ಒಂದು ಸಾಲು: "ತಮ್ಮ ಜೀವಮಾನದ ಸಂಶೋಧನೆಯನ್ನು ಸಂಪೂರ್ಣವಾಗಿ, ಅಂತಿಮ ರೂಪದಲ್ಲಿ ನಮಗೆ ಬಿಟ್ಟುಹೋಗಿದ್ದಾರೆ."

ಸಂಪೂರ್ಣವಾಗಿ! ಅಂತಿಮ ರೂಪದಲ್ಲಿ! ಓದಿ ಮೈಯೆಲ್ಲ ಉರಿದುಹೋಯಿತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ. ನನ್ನ ಗಂಡ ರಘು ಒಲೆ ಆರಿಸುತ್ತ, "ಬಿಡೇ, ಹೋದೋರ ಬಗ್ಗೆ ಎಲ್ರೂ ಹೀಗೇ ಬರೀತಾರೆ" ಅಂದ. ಹೇಗೆ ಬಿಡುವುದು? ಆ ಮನುಷ್ಯ ಬದುಕಿಡೀ ದ್ವೇಷಿಸಿದ ಎರಡೇ ಎರಡು ಮಾತುಗಳನ್ನು ಹುಡುಕಿ ತಂದು, ಎದುರು ಮಾತಾಡಲು ಅವರು ಇಲ್ಲದ ಹೊತ್ತು ನೋಡಿಕೊಂಡು, ಅವರ ತಲೆಗೇ ಕಟ್ಟಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರ ಹೆಸರು ಹಾಕಿ ಏನೇನೋ ಬರೆಯುವ ಕೆಲಸವನ್ನು ಬೇರೆಯವರು ಚೆನ್ನಾಗಿಯೇ ಮಾಡುತ್ತಿದ್ದಾರೆ.

ನಾವು ಈಗಿರುವ ಪರದೇಶದ ಊರು ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಟೌನ್‌ಹೌಸಿಗೂ ಅವರ ಟೌನ್‌ಹೌಸಿಗೂ ನಡುವೆ ಒಂದೇ ಗೋಡೆ. ನಾವು ಬಂದ ಹೊಸತರಲ್ಲಿ ದಿನಾ ಬೆಳಗ್ಗೆ ಏಳಕ್ಕೆ ಗೋಡೆಯಾಚೆ ಯಾರೋ ರಾಗವಾಗಿ ಏನನ್ನೋ ಓದುವುದು ಕೇಳಿಸುತ್ತಿತ್ತು. ಆಗ ಹಾಸನದಿಂದ ಅಮ್ಮ ಬಂದಿದ್ದರು.

"ಪಕ್ಕದ ಮನೆಯೋರು ಯಾವ ಮಠದೋರೇ? ದಿನಾ ಪಾರಾಯಣ ಮಾಡ್ತಾರಲ್ಲ."

"ಮಠ ಅಲ್ಲಮ್ಮ. ಜರ್ಮನಿಯೋರಂತೆ. ಯೂನಿವರ್ಸಿಟೀಲಿ ಹಳೇ ಗ್ರೀಕ್ ಪಾಠ ಹೇಳ್ತಾರಂತೆ."

"ಏನಾದ್ರೂ ಆಗ್ಲಿ, ಒಂದಕ್ಷರ ನುಂಗಲ್ಲ ನೋಡು. ಮೇಷ್ಟ್ರು ಅಂದ್ರೆ ಹಾಗಿರ್ಬೇಕು."

ಅಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದವರು. ಸುಮ್ಮಸುಮ್ಮನೆ ಯಾರನ್ನೂ ಹೊಗಳುವವರಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಅವರು ಮೇಷ್ಟ್ರು. ನನ್ನ ಮಗಳು ಅದಿತಿ ಅವರೆದುರೇ ಆ ಪದ ಅಂದುಬಿಟ್ಟಾಗ, ಅವರು ಅರ್ಥ ಕೇಳಿ, ಜೇಬಿನಿಂದ ದಪ್ಪ ಕಾಗದದ ಒಂದು ಕಾರ್ಡು ತೆಗೆದು ಬರೆದುಕೊಂಡರು. ಮುಂಬದಿಯಲ್ಲಿ ಇಂಕಿನಲ್ಲಿ: "ಮೇಷ್ಟ್ರು. ಶಿಕ್ಷಕರನ್ನು ಗೌರವದಿಂದ ಕರೆಯುವ ಪದ." ಆಮೇಲೆ ಕಾರ್ಡು ತಿರುಗಿಸಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ: "ಗೌರವ ಎಂದು ತಾಯಿ ಹೇಳಿದರು. ಕರೆಯುವಾಗ ಮಗು ನಗುತ್ತಿತ್ತು."

ಅದೇ ಅವರ ಪದ್ಧತಿ. ಅಂಗಿಯ ಜೇಬಿನಲ್ಲಿ ಸದಾ ಒಂದು ಇಂಕ್ ಪೆನ್ನು, ಒಂದು ಪೆನ್ಸಿಲು. ತೀರ್ಮಾನ ಮುಂದೆ, ಇಂಕಿನಲ್ಲಿ. ಆ ತೀರ್ಮಾನ ಯಾಕೆ ತಪ್ಪಿರಬಹುದು ಎಂಬುದು ಹಿಂದೆ, ಪೆನ್ಸಿಲಿನಲ್ಲಿ. "ಮುಂಬದಿ ನನ್ನ ಸಂಬಳಕ್ಕೆ, ಹಿಂಬದಿ ನನ್ನ ಆತ್ಮಸಾಕ್ಷಿಗೆ" ಎಂದು ನನಗೆ ಒಮ್ಮೆ ಹೇಳಿದ್ದರು. ಅವರ ಇಂಗ್ಲಿಷು ಅಚ್ಚು ಹಾಕಿಸಿದ ಹಾಗೆ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತಂದರೂ ಗ್ರಾಂಥಿಕವಾಗಿಯೇ ತರಬೇಕು.

ಅಮ್ಮನ ಚಟ್ನಿಪುಡಿ ಅವರಿಗೆ ಬಹಳ ಹಿಡಿಸಿತ್ತು. ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಮಾಡುವ ಬಗೆ ಕೇಳಲು ಬಂದವರು ಕಡಲೆಬೇಳೆ ಎಷ್ಟು, ಮೆಣಸಿನಕಾಯಿ ಎಷ್ಟು ಎಂದು ಇಂಕಿನಲ್ಲಿ ಬರೆದುಕೊಂಡರು. ಮಾರನೆಯ ದಿನ ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಅಮ್ಮ ಅಂದಾಜಿನ ಮೇಲೆ ಮಾಡುವವರು, ಬೇರೆಯದೇ ಲೆಕ್ಕ ಹೇಳಿದರು. ಪ್ರೊಫೆಸರ್ ಮುಖ ಅರಳಿತು. ಕಾರ್ಡು ತಿರುಗಿಸಿ ಪೆನ್ಸಿಲು ತೆಗೆದರು. "ನಂಗೇ ಪರೀಕ್ಷೆ ಇಡ್ತಾರಲ್ಲೇ ಈ ಮೇಷ್ಟ್ರು!" ಎಂದು ಅಮ್ಮ ಒಂದು ವಾರ ಹೇಳಿಕೊಂಡು ನಕ್ಕರು. ಇಂಥ ಮನೆವಾರ್ತೆಯ ಕಾರ್ಡುಗಳನ್ನೆಲ್ಲ ಅವರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಡುತ್ತಿದ್ದರು.

ನನ್ನನ್ನು ಅವರು ಎಂದೂ ಹೆಸರು ಹಿಡಿದು ಕರೆದವರಲ್ಲ. ನಾನು ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್ ಎಂದು ತಿಳಿದ ದಿನದಿಂದ "ಮೇಡಂ ಇಂಜಿನಿಯರ್." ಅವರ ಊರಿನಲ್ಲಿ ಹಾಗೇ ಅಂತೆ. ನಮ್ಮಲ್ಲೂ ಡಾಕ್ಟ್ರೇ, ಲಾಯರ್ರೇ, ಮೇಷ್ಟ್ರೇ ಎಂದು ಕರೆಯುತ್ತೇವೆ ಎಂದಾಗ, "ಹಾಗಾದರೆ ನಾವಿಬ್ಬರೂ ಇಲ್ಲಿ ಪರದೇಶಿಗಳು" ಎಂದು ಗಂಭೀರವಾಗಿ ಕೈಕುಲುಕಿದರು. ಇಲ್ಲಿ ಎಂಬತ್ತರ ಹತ್ತಿರದವರನ್ನೂ ಮೊನ್ನೆ ಕೆಲಸಕ್ಕೆ ಸೇರಿದ ಗುಮಾಸ್ತ ಹೆಸರು ಹಿಡಿದು ಕರೆಯುತ್ತಾನೆ. ಹಾಗೆ ಕರೆದಾಗಲೆಲ್ಲ ಅವರು ಹಿಂದೆ ತಿರುಗಿ, ಯಾವ ಮಗುವನ್ನು ಕರೆದರೋ ಎಂಬಂತೆ ನೋಡುತ್ತಿದ್ದರು.

ಅವರು ಓದುತ್ತಿದ್ದುದು ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ನಾಟಕಕಾರನನ್ನು. ಆತನ ಒಂದು ನಾಟಕವೂ ಇಡಿಯಾಗಿ ಉಳಿದಿಲ್ಲ. ಯಾವುದೋ ಪದಕ್ಕೆ ಅರ್ಥ ಹೇಳಲು ಶತಮಾನಗಳಾದ ಮೇಲೆ ಯಾರೋ ಎತ್ತಿಕೊಂಡ ಅರ್ಧ ಸಾಲು, ಈಜಿಪ್ಟಿನ ಮರಳಿನಡಿ ಊರಿನ ಕಸ ಸುರಿದ ಗುಡ್ಡೆಯಲ್ಲಿ ಸಿಕ್ಕ ಹರಕು ಹಾಳೆ, ಇಷ್ಟೇ. ಈ ಸಾಲು ಯಾವ ನಾಟಕದ್ದು? ಯಾರು, ಯಾರಿಗೆ ಹೇಳಿದ್ದು? ಒಂದೊಂದು ಚೂರಿಗೂ ಒಂದೊಂದು ಕಾರ್ಡು. ನಲವತ್ತು ವರ್ಷದಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕಾರ್ಡುಗಳಾಗಿದ್ದವು. ವಿಶ್ವವಿದ್ಯಾಲಯದ ಅವರ ಕೋಣೆಯಲ್ಲಿ ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ಮರದ ಡ್ರಾಯರುಗಳು. ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿ, ಒಂದು ಕಾರ್ಡು ಎಳೆದು, ಮುಂದೆ ತೋರಿಸಿ, ತಿರುಗಿಸಿ ಹಿಂದೆ ತೋರಿಸಿದ್ದರು. ಮುಂದೆ ಎರಡು ಸಾಲು. ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಂಚಿನವರೆಗೂ ಪೆನ್ಸಿಲು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ಈ ಹುಚ್ಚು ಹಿಡಿದದ್ದು ಹೇಗೆ ಎಂದು ರಘು ಕೇಳಿದಾಗ ತಮ್ಮ ಸ್ಕೂಲಿನ ಕಥೆ ಹೇಳಿದರು. ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಊರಿನ ಲೈಬ್ರರಿ ಸುಟ್ಟುಹೋಗಿತ್ತು. ಹನ್ನೆರಡು ಹುಡುಗರಿಗೆ ಗ್ರೀಕ್ ಪುಸ್ತಕ ಒಂದೇ. ಒಬ್ಬ ನಕಲು ಮಾಡಿಕೊಂಡದ್ದನ್ನು ಇನ್ನೊಬ್ಬ ನಕಲು ಮಾಡಿಕೊಳ್ಳಬೇಕು. ಮೊದಲನೆಯವನು ಒಂದು ಸಾಲು ತಪ್ಪಾಗಿ ಬರೆದುಕೊಂಡಿದ್ದ. "ಹನ್ನೆರಡು ಮಂದಿ ಒಂದು ವರ್ಷ ಒಂದು ತಪ್ಪನ್ನು ಬಾಯಿಪಾಠ ಮಾಡಿದೆವು. ಎಷ್ಟು ಸೊಗಸಾಗಿ ಹೇಳುತ್ತಿದ್ದೆವು, ಗೊತ್ತೆ? ನಮ್ಮಲ್ಲಿ ಯಾರಿಗೂ ಸಂದೇಹವೇ ಇರಲಿಲ್ಲ." ಆ ಮೊದಲನೆಯ ಹುಡುಗ ತಾವೇ ಎಂದು ಅವರು ಹೇಳಲಿಲ್ಲ. ನನಗೆ ಹಾಗನ್ನಿಸಿತು, ಅಷ್ಟೆ.

ಇಂಥವರಿಗೆ ಇಲ್ಲಿ ಬಡ್ತಿ ಹೇಗೆ ಸಿಗಬೇಕು? ಜೊತೆಯವರು ವರ್ಷಕ್ಕೊಂದು ಪುಸ್ತಕ ಬರೆದರೆ ಇವರು ಬದುಕಿನಲ್ಲಿ ಬರೆದದ್ದು ಎರಡು, ಎರಡೂ ತೆಳ್ಳಗಿನವು. ಒಂದು ಸಮಿತಿಯವರು, ಈ ವಿಷಯಕ್ಕೆ ನಿಮ್ಮ ಕೊಡುಗೆ ಏನು ಎಂದು ಕೇಳಿದರಂತೆ. "ಎಲ್ಲರೂ ನಂಬಿದ್ದ ಇಪ್ಪತ್ತು ಸಂಗತಿಗಳು ಈಗ ಯಾರಿಗೂ ಖಚಿತವಿಲ್ಲ, ಅದು ನನ್ನಿಂದಾಗಿ" ಎಂದರಂತೆ ಇವರು. ಬಡ್ತಿ ಏಳು ವರ್ಷ ತಡವಾಯಿತು. ಆಮೇಲೆ ಗ್ರೀಕ್ ವಿಭಾಗವನ್ನೇ ಇನ್ನೊಂದು ದೊಡ್ಡ ವಿಭಾಗದ ಹೊಟ್ಟೆಗೆ ತುರುಕಿದರು. ವಿದ್ಯಾರ್ಥಿಗಳು ನಾಲ್ಕೇ ಮಂದಿ, ತರಗತಿ ನಡೆಸಲಾಗದು ಎಂದರು. ಇವರು ಆ ನಾಲ್ವರನ್ನು ಶನಿವಾರ ಶನಿವಾರ ತಮ್ಮ ಗರಾಜಿಗೆ ಕರೆಸಿ ಪಾಠ ಹೇಳಿದರು. ಕುರ್ಚಿಗಳು ನಮ್ಮವು, ಕೋಡುಬಳೆ ಅಮ್ಮನದು. ಈ ಗರಾಜುಗಳಲ್ಲಿ ಎಂಥೆಂಥ ಕಂಪ್ಯೂಟರ್ ಕಂಪನಿಗಳು ಹುಟ್ಟಿದವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಊರು ಇದು. ಆ ಗರಾಜಿನಲ್ಲಿ ಏನು ನಡೆಯುತ್ತಿದೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ನಾನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಅವರ ಕೋಣೆಯೇ ಬೇಕೆಂದರು. ಅಲ್ಲಿ ಕಂಪ್ಯೂಟರಿನ ಯಾವುದೋ ಹೊಸ ಕೇಂದ್ರ ಬರುತ್ತದಂತೆ. ಡ್ರಾಯರುಗಳ ಗತಿ? ಲೈಬ್ರರಿಯ ಡಿಜಿಟಲ್ ವಿಭಾಗದ ಮುಖ್ಯಸ್ಥ ಬಂದ. ನಗುಮುಖದ ಮನುಷ್ಯ, ಅವನ ನಗು ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತೇವೆ, ಜಗತ್ತಿನ ಯಾವ ಮೂಲೆಯಿಂದಲೂ ನೋಡಬಹುದು, ಇನ್ನು ನಿಮ್ಮ ಕೆಲಸಕ್ಕೆ ಸಾವಿಲ್ಲ ಎಂದ. ಪ್ರೊಫೆಸರ್‌ಗೆ ಆಗಲೇ ಕಣ್ಣಿನ ನಡುಭಾಗ ಮಸುಕು, ಸ್ಕ್ರೀನು ನೋಡಲಾಗುತ್ತಿರಲಿಲ್ಲ. ಮಾದರಿಗೆಂದು ಲೈಬ್ರರಿಯವರು ಕಳಿಸಿದ ಮೊದಲ ಇನ್ನೂರು ಕಾರ್ಡುಗಳ ಫೈಲನ್ನು ನನ್ನ ಕೈಗೆ ಕೊಟ್ಟು, "ಮೇಡಂ ಇಂಜಿನಿಯರ್, ಇದು ನಿಮ್ಮ ಕ್ಷೇತ್ರ. ನೀವು ಸರಿ ಎಂದರೆ ನಾನು ಸಹಿ ಮಾಡುತ್ತೇನೆ" ಎಂದರು.

ಎರಡು ಮೀಟಿಂಗುಗಳ ನಡುವೆ ಆಫೀಸಿನಲ್ಲಿ ಕೂತು ನೋಡಿದೆ. ಚಿತ್ರ ಸ್ಪಷ್ಟವಾಗಿದೆಯೇ? ಇದೆ. ದೊಡ್ಡದು ಮಾಡಿದರೆ ಅಕ್ಷರದ ಮೇಲಿನ ಸಣ್ಣ ಗುರುತುಗಳೂ ಕಾಣುತ್ತವೆಯೇ? ಕಾಣುತ್ತವೆ. ಫೈಲುಗಳ ಹೆಸರು ಕ್ರಮವಾಗಿವೆಯೇ? ಇವೆ. ಕೊನೆಗೆ ನಮ್ಮ ಕಸುಬಿನವರು ಕಣ್ಣುಮುಚ್ಚಿ ನಂಬುವ ಪರೀಕ್ಷೆ: ಕೊಟ್ಟದ್ದೆಷ್ಟು, ಬಂದದ್ದೆಷ್ಟು? ಇನ್ನೂರು ಕಾರ್ಡು, ಇನ್ನೂರು ಚಿತ್ರ. ಸರಿಸಮ. ಖುಷಿಯಾಯಿತು. "ಲುಕ್ಸ್ ಗುಡ್" ಎಂದು ಲೈಬ್ರರಿಯವರಿಗೆ ಉತ್ತರ ಬರೆದು ಮೀಟಿಂಗಿಗೆ ಓಡಿದೆ. ಪ್ರೊಫೆಸರ್ ಅವರ ಫಾರ್ಮಿಗೆ ಸಹಿ ಮಾಡಿದರು.

ಐದಾರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಅವರೇ ಬಂದು ಬಾಗಿಲು ತಟ್ಟಿದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳಂತೆ. ಒಂದು ಸಾಲು ಇಂಥ ನಾಟಕದ್ದು ಎಂದು ಆ ಸೈಟಿನಲ್ಲಿ ಖಂಡಿತವಾಗಿ ಹೇಳಿದೆ, ಅದನ್ನು ನೀವೇ ತರಗತಿಯಲ್ಲಿ ಅನುಮಾನಿಸಿದ್ದಿರಲ್ಲ ಎಂದು ಕೇಳಿದಳಂತೆ. "ಹಿಂಬದಿಯನ್ನು ಓದು ಎಂದೆ. ಹಿಂಬದಿ ಎಲ್ಲಿದೆ ಎಂದು ಕೇಳುತ್ತಾಳೆ. ದಯವಿಟ್ಟು ತೆರೆದು ನೋಡುತ್ತೀರಾ?"

ತೆರೆದೆ. ಒಂದು, ಹತ್ತು, ನೂರು. ಎಲ್ಲ ಇಂಕು. "ಬೇರೆ ಫೋಲ್ಡರಿನಲ್ಲಿ ಇರುತ್ತೆ ಪ್ರೊಫೆಸರ್" ಎಂದು ಹುಡುಕಿದೆ. ಹುಡುಕುತ್ತಿರುವಾಗಲೇ ಹೊಳೆಯಿತು. ಇನ್ನೂರು ಕಾರ್ಡಿಗೆ ನಾನೂರು ಚಿತ್ರ ಬರಬೇಕಿತ್ತು. ಲೆಕ್ಕ ಸರಿಹೋಗಿದ್ದೇ ತಪ್ಪು.

ಮಾರನೆಯ ದಿನ ರಜೆ ಹಾಕಿ ಅವರನ್ನು ಕರೆದುಕೊಂಡು ಲೈಬ್ರರಿಗೆ ಹೋದೆ. ನಗುಮುಖದವನು ನಗುತ್ತಲೇ ಕೂರಿಸಿದ.

"ಒಂದು ಕಾರ್ಡಿಗೆ ಒಂದು ಇಮೇಜು ಅಂತಲೇ ಪ್ಲ್ಯಾನು ಇದ್ದದ್ದು. ಹಿಂದೆ ಪೆನ್ಸಿಲು ಇತ್ತು, ನಿಜ. ರಫ್ ವರ್ಕು ಅಂದುಕೊಂಡೆವು."

"ರಫ್ ವರ್ಕಾ?" ನನ್ನ ದನಿ ಏರಿತು. "ಒರಿಜಿನಲ್ಸ್ ಎಲ್ಲಿ? ಮತ್ತೆ ಸ್ಕ್ಯಾನ್ ಮಾಡಿ."

"ಅವು ಕಳೆದ ತಿಂಗಳೇ ಶ್ರೆಡ್ಡಿಂಗಿಗೆ ಹೋದವು. ಫಾರ್ಮಿನಲ್ಲೇ ಬರೆದಿತ್ತಲ್ಲ. ಸ್ಯಾಂಪಲ್ಲು ಕೂಡ ನಿಮ್ಮ ಕಡೆಯಿಂದಲೇ ಓಕೆ ಆಗಿತ್ತು." ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ. ನನ್ನ ಎರಡು ಪದಗಳು ಅಲ್ಲಿ ಕೂತಿದ್ದವು.

ಎರಡು ಸಾವಿರ ವರ್ಷ ಕಸದ ಗುಡ್ಡೆಯಲ್ಲಿ ಬಿದ್ದಿದ್ದ ಹಾಳೆ ಉಳಿಯಿತು. ಈ ಊರಿನಲ್ಲಿ, ಈ ಕಾಲದಲ್ಲಿ, ಏರ್ ಕಂಡಿಷನ್ ಮಾಡಿದ ಲೈಬ್ರರಿಗೆ ಒಪ್ಪಿಸಿದ ಕಾರ್ಡು ಉಳಿಯಲಿಲ್ಲ. ಒಬ್ಬ ಮನುಷ್ಯನ ನಲವತ್ತು ವರ್ಷದ ಅನುಮಾನವನ್ನು ಹರಿದು ಚೂರು ಮಾಡಿ, ಆತನ ಇಂಕನ್ನು ಮಾತ್ರ ಉಳಿಸಿಕೊಂಡು, ಇದೇ ಸತ್ಯ ಎಂದು ಆತನ ಹೆಸರಿನಲ್ಲೇ ಜಗತ್ತಿಗೆ ಹಂಚುವುದಕ್ಕೆ ಏನೆನ್ನಬೇಕು? ಹನ್ನೆರಡು ಹುಡುಗರಲ್ಲ, ಇನ್ನು ಎಲ್ಲಿ ಯಾರು ಬೇಕಾದರೂ ಆ ತಪ್ಪುಗಳನ್ನು ಸೊಗಸಾಗಿ ಬಾಯಿಪಾಠ ಮಾಡಬಹುದು.

ನಾನು ಅಲ್ಲಿ ಕೂಗಾಡಿದೆ. ಪ್ರೊಫೆಸರ್ ಕೂಗಾಡಲಿಲ್ಲ. ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲ ಕಡೆ ನಡೆದರು. ಫ್ರೀವೇಯಲ್ಲಿ ಬರುವಾಗ ತಡೆಯಲಾರದೆ, "ತಪ್ಪು ನನ್ನದು ಪ್ರೊಫೆಸರ್" ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಮೊದಲು ಸಾಕ್ಷಿಗಳನ್ನು ನೋಡೋಣ" ಎಂದರು. ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ.

ಮನೆಗೆ ಬಂದು ಒಂದೇ ಒಂದು ಸಹಾಯ ಕೇಳಿದರು. ಆ ಚಿತ್ರಗಳನ್ನೆಲ್ಲ ದಪ್ಪ ಕಾಗದದ ಮೇಲೆ ಅಚ್ಚು ಹಾಕಿ ಕೊಡಬೇಕು, ಹಿಂಬದಿ ಖಾಲಿ ಇರಬೇಕು. ರಘುವೂ ನಾನೂ ಕಂತು ಕಂತಾಗಿ ಪ್ರಿಂಟು ಮಾಡಿ, ಕತ್ತರಿಸಿ ಕೊಟ್ಟೆವು. ಅವರು ಊಟದ ಮೇಜಿನ ಮುಂದೆ ಕೂತು, ದೊಡ್ಡ ಭೂತಗನ್ನಡಿಯಲ್ಲಿ ಮುಂಬದಿ ಓದಿ, ತಿರುಗಿಸಿ, ನೆನಪಿನಿಂದ ಹಿಂಬದಿ ಬರೆಯತೊಡಗಿದರು. ದಿನಕ್ಕೆ ಆರು ಕಾರ್ಡು, ಒಳ್ಳೆಯ ದಿನ ಎಂಟು. ಅಕ್ಷರ ದಪ್ಪವಾಯಿತು, ಸೊಟ್ಟಗಾಯಿತು. ಬೆಳಗಿನ ಪಾರಾಯಣ ನಿಂತುಹೋಯಿತು. ಗೋಡೆಯಾಚೆ ಸದ್ದಿಲ್ಲದ ಬೆಳಗಿಗೆ ನಾನು ಎಂದೂ ಹೊಂದಿಕೊಳ್ಳಲಿಲ್ಲ. ಅಮ್ಮ ಫೋನಿನಲ್ಲಿ, "ಮೇಷ್ಟ್ರು ಹೇಗಿದಾರೆ?" ಎಂದರೆ, "ಬರೀತಿದಾರಮ್ಮ" ಎನ್ನುತ್ತಿದ್ದೆ.

ಕಾರ್ಡುಗಳು ಗ್ರೀಕ್ ಅಕ್ಷರಮಾಲೆಯ ಕ್ರಮದಲ್ಲಿದ್ದವು; ಹದಿನಾಲ್ಕು ತಿಂಗಳಲ್ಲಿ ನಾಲ್ಕನೆಯ ಅಕ್ಷರಕ್ಕೆ ಬಂದಿದ್ದರು. ಇನ್ನೂ ಇಪ್ಪತ್ತು ಬಾಕಿ. ಆಗ ಹೃದಯ ನಿಂತಿತು. ಅವರು ಬರೆದ ಹಿಂಬದಿಗಳನ್ನು ಆಮೇಲೆ ನೋಡಿದೆ. ಅಲ್ಲಲ್ಲಿ ಒಂದೇ ವಾಕ್ಯ: "ಇಲ್ಲಿ ಏನೋ ಇತ್ತು. ಮರೆತಿದ್ದೇನೆ." ನೆನಪಿಲ್ಲದ್ದನ್ನು ನೆನಪಿದ್ದಂತೆ ಬರೆಯಲು ಅವರ ಪೆನ್ಸಿಲಿಗೆ ಬರುತ್ತಿರಲಿಲ್ಲ.

ಸ್ಮರಣೆಯ ಸಭೆ ವಿಶ್ವವಿದ್ಯಾಲಯದಲ್ಲೇ ನಡೆಯಿತು. ವೈನು, ಚೀಸು, ಗೋಡೆಯ ಮೇಲೆ ದೊಡ್ಡದಾಗಿ ಕಾರ್ಡುಗಳ ಚಿತ್ರ, ಎಲ್ಲವೂ ಮುಂಬದಿ. ಡೀನ್ ಎಂಬಾಕೆ, "ಅವರು ನಮಗೆ ಉತ್ತರಗಳನ್ನು ಕೊಟ್ಟರು" ಎಂದಳು. ನಾನು ಎದ್ದು ನಿಂತೆ. ರಘು ಸೆರಗು ಎಳೆದ; ಬಿಡಿಸಿಕೊಂಡೆ. "ಕೊಟ್ಟಿಲ್ಲ. ಅವರು ಕೊಟ್ಟದ್ದು ಪ್ರಶ್ನೆಗಳನ್ನು. ಅವನ್ನು ನೀವು ಶ್ರೆಡ್ ಮಾಡಿದಿರಿ. ಆ ಸೈಟಿನಲ್ಲಿ ಪ್ರತಿ ಕಾರ್ಡಿನ ಕೆಳಗೂ ಒಂದು ಸಾಲು ಹಾಕಿ: ಇದರ ಹಿಂಬದಿಯನ್ನು ನಾವು ನಾಶ ಮಾಡಿದ್ದೇವೆ" ಎಂದು ಅಷ್ಟೂ ಜನರ ಮುಂದೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೇನೋ ಹಾಡು ಹೇಳಿದವಳ ಹಾಗೆ! ಡೀನ್ ನನ್ನ ಭಾವನೆಗಳಿಗೆ ಧನ್ಯವಾದ ಹೇಳಿದಳು.

ಆ ಒಂದು ಸಾಲಿಗಾಗಿ ಇವತ್ತಿಗೂ ಪ್ರತಿ ತಿಂಗಳು ಇಮೇಲು ಬರೆಯುತ್ತೇನೆ. ಪ್ರೊಫೆಸರ್ ಹೊಸದಾಗಿ ಬರೆದ ಹಿಂಬದಿಗಳನ್ನು ರಘು ಎರಡೂ ಬದಿ ಸ್ಕ್ಯಾನ್ ಮಾಡಿದ್ದಾನೆ. ಅವನ್ನಾದರೂ ಹಾಕಿಕೊಳ್ಳಿ ಎನ್ನುತ್ತೇನೆ. ಯೋಜನೆ ಮುಗಿದಿದೆ ಎಂದು ಉತ್ತರ ಬರುತ್ತದೆ, ಪ್ರತಿ ಸಲವೂ ಅದೇ ಉತ್ತರ. ಕೆಳಗೆ ಮನುಷ್ಯರ ಹೆಸರಿರುವುದಿಲ್ಲ.

ಆವತ್ತು ಸಭೆ ಮುಗಿದ ಮೇಲೆ, ಜರ್ಮನಿಯಿಂದ ಬಂದಿದ್ದ ಅವರ ತಂಗಿಯ ಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಬಿಸ್ಕತ್ತಿನ ಡಬ್ಬಿಯಲ್ಲಿ ನಿಮ್ಮ ಹೆಸರಿನ ಕಾರ್ಡೊಂದು ಇತ್ತು ಎಂದು ಕೈಗಿಟ್ಟಳು. ಹೆಸರಲ್ಲ, "ಮೇಡಂ ಇಂಜಿನಿಯರ್" ಎಂದಿತ್ತು. ಅದರ ಕೆಳಗೆ ಇಂಕಿನಲ್ಲಿ, ಆ ಕೊನೆಯ ದಿನಗಳ ಸೊಟ್ಟ ಅಕ್ಷರದಲ್ಲಿ: "ಕಾರ್ಡುಗಳ ವಿಷಯ. ತಪ್ಪು ವಿಶ್ವವಿದ್ಯಾಲಯದ್ದು. ಇವರದಲ್ಲ."

ಅಲ್ಲೇ ನಿಂತು ಅತ್ತುಬಿಟ್ಟೆ. ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ರಘುವಿಗೆ ಓದಿಸಿದೆ, ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ನೋಡಿದ್ಯಾ, ಮೇಷ್ಟ್ರು ದೊಡ್ಡ ಮನುಷ್ಯರು" ಎಂದು ಅಮ್ಮನೂ ಅತ್ತರು. ಮನೆಗೆ ಬಂದು ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ, ನಡುಮಧ್ಯದಲ್ಲಿ, ಮ್ಯಾಗ್ನೆಟ್ಟಿನಿಂದ ಸಿಕ್ಕಿಸಿದೆ. ಹಾಲು ತೆಗೆಯುವಾಗೊಮ್ಮೆ, ಮೊಸರು ಇಡುವಾಗೊಮ್ಮೆ ಓದಿಕೊಳ್ಳುತ್ತಿದ್ದೆ.

ಮೂರನೆಯ ದಿನ ಸ್ಕೂಲಿನಿಂದ ಬಂದ ಅದಿತಿ ಜ್ಯೂಸು ತೆಗೆಯಲು ಹೋದವಳು ಕಾರ್ಡಿನ ಮುಂದೆ ನಿಂತಳು.

"ಅಮ್ಮಾ, ಡಿಡ್ ಯೂ ಚೆಕ್ ದಿ ಬ್ಯಾಕ್?"

ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹೋದೆ. ಅವಳೇ ಮ್ಯಾಗ್ನೆಟ್ಟು ತೆಗೆದು ತಿರುಗಿಸಿ ಕೊಟ್ಟಳು. ಪೆನ್ಸಿಲಿನಲ್ಲಿ ಎರಡು ಸಾಲು.

"ಆದರೆ ಹಿಂಬದಿ ಇದೆಯೆಂದು ಇವರಿಗೆ ತಿಳಿದಿತ್ತು, ನಾನೇ ತೋರಿಸಿದ್ದೆ. ಈ ಕಾರ್ಡನ್ನಾದರೂ ತಿರುಗಿಸಿ ನೋಡುವರೋ ಇಲ್ಲವೋ, ಖಚಿತವಿಲ್ಲ."